ಚೀಟಿಯಲ್ಲಿ ಬರೆದದ್ದು, ಮುಚ್ಚಳದೊಳಗೆ ಸಿಕ್ಕಿದ್ದು: ಒಂದು ಗ್ರೂಯೆನ್ ಕರ್ವೆಕ್ಸ್ ವಾಚಿನ ಪ್ರಕರಣ

ಭಾವ ಆ ವಾಚನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ತಂದಿದ್ದರು. ಸಿನ್ಸಿನಾಟಿಯಿಂದ ಓಹಾಯೋ ನದಿಯ ಸೇತುವೆ ದಾಟಿದರೆ ಕೆಂಟಕಿ ರಾಜ್ಯ. ಅಲ್ಲಿ ಒಂದು ಹಳೇ ಮನೆಯಲ್ಲಿ ಎಸ್ಟೇಟ್ ಸೇಲ್ ಇತ್ತು. ಮನೆಯ ಹಿರಿಯರು ತೀರಿಕೊಂಡ ಮೇಲೆ ಚಮಚದಿಂದ ಸೋಫಾದವರೆಗೆ ಎಲ್ಲವನ್ನೂ ಆ ಮನೆಯಲ್ಲೇ ಇಟ್ಟು ಮಾರುತ್ತಾರಲ್ಲ, ಅದು. ಅಕ್ಕ ಪಿಂಗಾಣಿ ತಟ್ಟೆ ನೋಡುತ್ತಿದ್ದಳು. ಭಾವನ ಕಣ್ಣು ಗಾಜಿನ ಪೆಟ್ಟಿಗೆಯಲ್ಲಿದ್ದ ಈ ವಾಚಿನ ಮೇಲೆ ಬಿತ್ತು. 260 ಡಾಲರ್ ಕೊಟ್ಟು ತಂದರು.

ವಾಚಿಗೆ ದಾರದಲ್ಲಿ ಕಟ್ಟಿದ್ದ ಚೀಟಿ ಇನ್ನೂ ಹಾಗೇ ಇತ್ತು. ಅದರಲ್ಲಿ ಐದು ಮಾತು. 1920ರ ದಶಕದ ಆರ್ಟ್ ಡೆಕೊ (ಗೆರೆ, ಕೋನಗಳ ಅಲಂಕಾರ ಶೈಲಿ) ವಾಚು. ಅಮೆರಿಕದಲ್ಲೇ ತಯಾರಾದದ್ದು. ಅಪ್ಪಟ ಚಿನ್ನ. ಎಲ್ಲ ಭಾಗವೂ ಒರಿಜಿನಲ್. ಚೆನ್ನಾಗಿ ಓಡುತ್ತದೆ.

“ಇದರಲ್ಲಿ ಎಷ್ಟು ನಿಜ, ನೋಡಿ ಹೇಳಪ್ಪ” ಅಂದರು ಭಾವ.

“ನಿಮಗೆ ಇಷ್ಟ ಆಗಿ ತಂದಿದ್ದೀರಲ್ಲ ಭಾವ, ಅದು ಮೊದಲು. ಉಳಿದದ್ದು ಬಿಚ್ಚಿ ನೋಡೋಣ” ಅಂದೆ.

ವಾಚು ರಿಪೇರಿ ನನ್ನ ಕಸುಬಲ್ಲ, ಹವ್ಯಾಸ. ಹಳೇ ಅಮೆರಿಕನ್ ವಾಚು ಅಂದರೆ ನನಗೆ ತುಂಬಾ ಪ್ರೀತಿ. ಆ ದಿನ ಊಟದ ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ, ಲ್ಯಾಂಪ್ ಹತ್ತಿರ ಎಳೆದುಕೊಂಡು ಕೂತೆವು. ಚೀಟಿಯ ಒಂದೊಂದು ಮಾತನ್ನೂ ಹೇಗೆ ಪರೀಕ್ಷೆ ಮಾಡಿದೆವು, ಏನು ಸಿಕ್ಕಿತು, ಕೊನೆಗೆ ಏನು ಮಾಡಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೇ ವಾಚು ಕೊಳ್ಳುವ ಆಸೆ ಇರುವವರಿಗೆ ಉಪಯೋಗ ಆಗಬಹುದು.

ಮೊದಲು ಏನನ್ನೂ ಬಿಚ್ಚಬಾರದು. ಕೈಯಲ್ಲಿ ಹಿಡಿದು ಎಲ್ಲ ಕಡೆಯಿಂದ ನೋಡಬೇಕು. ಇದು ಉದ್ದನೆಯ, ಕಿರಿದಾದ ಆಯತದ ವಾಚು. ಎದುರಿನಿಂದ ನೋಡಿದರೆ ಅಷ್ಟೇನೂ ವಿಶೇಷ ಅನ್ನಿಸುವುದಿಲ್ಲ. ಪಕ್ಕಕ್ಕೆ ತಿರುಗಿಸಿದಾಗ ಉಸಿರು ನಿಲ್ಲುತ್ತದೆ. 12ರ ತುದಿಯಿಂದ 6ರ ತುದಿಯವರೆಗೆ ಇಡೀ ವಾಚು ಬಿಲ್ಲಿನ ಹಾಗೆ ಬಾಗಿದೆ. ಗಾಜು ಬಾಗಿದೆ, ಡಯಲ್ ಬಾಗಿದೆ, ಕೇಸು (ಹೊರಗಿನ ಲೋಹದ ಕವಚ) ಬಾಗಿದೆ, ಹಿಂದಿನ ಮುಚ್ಚಳವೂ ಬಾಗಿದೆ. ಕೈ ಮೇಲೆ ಇಟ್ಟರೆ ಮಣಿಕಟ್ಟನ್ನು ಅಪ್ಪಿಕೊಳ್ಳುತ್ತದೆ. ಕೇಸಿನ ಎರಡೂ ಬದಿಗೆ ಉದ್ದಕ್ಕೆ ಸಣ್ಣ ಗೆರೆಗಳು. ಡಯಲ್ ಮೇಲೆ ಗ್ರೂಯೆನ್ ಅಂತ ಹೆಸರು. ಅದರ ಕೆಳಗೆ ಕರ್ವೆಕ್ಸ್, ಪ್ರಿಸಿಷನ್. 6ರ ಜಾಗದಲ್ಲಿ ಸೆಕೆಂಡಿನ ಪುಟ್ಟ ಚೌಕ.

ಚೀಟಿಯ ಮೊದಲ ಮಾತು ಅಲ್ಲೇ ಬಿದ್ದುಹೋಯಿತು. ಗ್ರೂಯೆನ್ ಕಂಪನಿ ಕರ್ವೆಕ್ಸ್ ಅನ್ನುವ ವಾಚನ್ನು ಹೊರತಂದದ್ದು 1935ರಲ್ಲಿ. 1920ರ ದಶಕದ ಕರ್ವೆಕ್ಸ್ ಇರಲು ಸಾಧ್ಯವೇ ಇಲ್ಲ. ಆದರೆ ಡಯಲ್ ಬದಲಾಗಿರಬಹುದು ಅಲ್ವಾ? ಡಯಲ್ ಮೇಲಿನ ಅಕ್ಷರವನ್ನು ಮಾತ್ರ ನಂಬಿ ತೀರ್ಪು ಕೊಡಬಾರದು. ಹಾಗಾಗಿ ಕೇಸಿನ ರೂಪ ಏನು ಹೇಳುತ್ತದೆ ಅಂತ ನೋಡಿದೆವು.

ಆರ್ಟ್ ಡೆಕೊ ಅನ್ನುವ ಹೆಸರು ಬಂದದ್ದು 1925ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನದಿಂದ. ಹೆಸರು ಬಳಕೆಗೆ ಬಂದದ್ದು ಮಾತ್ರ ಬಹಳ ತಡವಾಗಿ, 1960ರ ದಶಕದಲ್ಲಿ. ಆ ವಾಚುಗಳನ್ನು ಮಾಡಿದವರು, ಕೊಂಡವರು ಯಾರೂ ಅದನ್ನು ಆರ್ಟ್ ಡೆಕೊ ಅಂತ ಕರೆಯುತ್ತಿರಲಿಲ್ಲ. ಅವರಿಗೆ ಅದು ಸುಮ್ನೆ ಹೊಸ ಕಾಲದ ವಾಚು. ಆ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕ ಭಾಗವಹಿಸಲೇ ಇಲ್ಲ. ನೋಡಿಕೊಂಡು ಬರಲು ಒಂದು ತಂಡವನ್ನು ಮಾತ್ರ ಕಳಿಸಿತು. ಮುಂದಿನ ಹತ್ತೇ ವರ್ಷಗಳಲ್ಲಿ ನ್ಯೂಯಾರ್ಕಿನ ಕಟ್ಟಡಗಳಿಂದ ಹಿಡಿದು ಅಡುಗೆಮನೆಯ ರೇಡಿಯೊವರೆಗೆ ಎಲ್ಲದರ ಮೇಲೂ ಆ ಗೆರೆಗಳು ಬಂದುಬಿಟ್ಟವು.

ವಾಚಿನಲ್ಲಿ ಆ ಬದಲಾವಣೆಯನ್ನು ಹಂತ ಹಂತವಾಗಿ ನೋಡಬಹುದು. 1920ರ ದಶಕದ ಅಮೆರಿಕನ್ ವಾಚುಗಳಲ್ಲಿ ಬಿಳಿ ಚಿನ್ನದ ಬಣ್ಣ ಜಾಸ್ತಿ. ಕೇಸಿನ ಅಂಚಿಗೆ ಹೂಬಳ್ಳಿಯ ಅಥವಾ ಕೋನ ಕೋನದ ಕೆತ್ತನೆ ಇರುತ್ತದೆ. ಆಕಾರ ದಿಂಬಿನ ಹಾಗೆ, ಇಲ್ಲವೇ ನಡು ಉಬ್ಬಿದ ಪೀಪಾಯಿಯ ಹಾಗೆ. ಹ್ಯಾಮಿಲ್ಟನ್ ಕಂಪನಿಯ ಪೈಪಿಂಗ್ ರಾಕ್ ಆ ದಶಕದ ಕೊನೆಯದು. ಅದರಲ್ಲಿ ಅಂಕಿಗಳು ಡಯಲ್ ಮೇಲೆ ಇಲ್ಲ, ಸುತ್ತಲಿನ ಚಿನ್ನದ ಚೌಕಟ್ಟಿನ ಮೇಲಿನ ಕಪ್ಪು ಎನಾಮೆಲ್‌ನಲ್ಲಿವೆ. 1930ರ ದಶಕಕ್ಕೆ ಬಂದರೆ ಕೆತ್ತನೆ ಕಡಿಮೆಯಾಗಿ ಮೆಟ್ಟಿಲು ಮೆಟ್ಟಿಲಿನ ಅಂಚು, ಉದ್ದ ಗೆರೆ, ಬಾಗು ಬರುತ್ತದೆ. ಹಳದಿ ಚಿನ್ನ ಮತ್ತೆ ಮೇಲೆ ಬರುತ್ತದೆ. 1940ರ ಹೊತ್ತಿಗೆ ಗುಲಾಬಿ ಛಾಯೆಯ ಚಿನ್ನ, ಬೆಲ್ಟು ಸಿಕ್ಕಿಸುವ ಕಿವಿಗಳನ್ನು ಮುಚ್ಚುವ ದಪ್ಪ ಮರೆಗಳು. ನಮ್ಮ ವಾಚಿನಲ್ಲಿ ಹಳದಿ ಚಿನ್ನ, ಕೆತ್ತನೆ ಇಲ್ಲದ ನುಣುಪು, ಬದಿಯಲ್ಲಿ ಓಡುವ ಗೆರೆ. ರೂಪ ನೋಡಿದರೆ 1930ರ ದಶಕದ ಕೊನೆ ಅಥವಾ ಅದರ ಆಚೆ.

ಈಗ ಬಿಚ್ಚುವ ಸಮಯ. ಇದು ಎರಡು ತುಂಡಿನ ಕೇಸು. ಮೇಲಿನದು ಕೆಳಗಿನದರ ಮೇಲೆ ಡಬ್ಬಿಯ ಮುಚ್ಚಳದಂತೆ ಒತ್ತಿ ಕೂತಿರುತ್ತದೆ. ಸಂದಿನಲ್ಲಿ ಒಂದು ಕಡೆ ತೆಳುವಾದ ಚಾಕು ಹಿಡಿಯುವಷ್ಟು ತುಟಿ ಇರುತ್ತದೆ. ಆ ತುಟಿಯನ್ನು ಹುಡುಕದೆ ಎಲ್ಲೆಂದರಲ್ಲಿ ಮೀಟಿದರೆ ಚಿನ್ನದ ಅಂಚಿಗೆ ಹಲ್ಲು ಬೀಳುತ್ತದೆ. ಈ ವಾಚಿಗೆ ಹಿಂದೆ ಯಾರೋ ಹಾಗೆ ಮಾಡಿದ್ದರು. ಮೂರು ಗಾಯ ಎಣಿಸಿದೆ.

ಮುಚ್ಚಳ ತೆಗೆದಾಗ ಭಾವ ಬಗ್ಗಿ ನೋಡಿದರು. ಅವರ ತಂದೆ ಎಚ್‌ಎಂಟಿ ವಾಚು ಕಟ್ಟುತ್ತಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾಯಿತಲ್ಲ, ಆ ಕಾರ್ಖಾನೆಯ ವಾಚು. ದಿನಾ ಬೆಳಗ್ಗೆ ಅದಕ್ಕೆ ಕೀ ಕೊಡುವುದು ಬಾಲಕ ಭಾವನ ಕೆಲಸವಂತೆ. ವಾಚಿನ ಮೆಷಿನ್ ಅಂದರೆ ಅವರ ನೆನಪಿನಲ್ಲಿ ದುಂಡನೆಯ, ಚಪ್ಪಟೆ ಬಿಲ್ಲೆ. “ಇದೇನು, ಇದೂ ಬಾಗಿದೆ!” ಅಂದರು.

ಹೌದು, ಮೆಷಿನ್ ಕೂಡ ಬಾಗಿತ್ತು. ಕರ್ವೆಕ್ಸ್‌ನ ಜೀವ ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1930ರ ದಶಕದಲ್ಲಿ ಉದ್ದನೆಯ ಬಾಗಿದ ವಾಚು ದೊಡ್ಡ ಫ್ಯಾಷನ್. ಕೇಸು ಬಾಗಿಸುವುದು ಕಷ್ಟವಲ್ಲ. ಕಷ್ಟ ಇರುವುದು ಒಳಗೆ. ನಾಡಹೆಂಚನ್ನು ನೆನಪಿಸಿಕೊಳ್ಳಿ. ಹೆಂಚಿನ ಕೆಳಗೆ ಇನ್ನೊಂದು ಹೆಂಚು ಸರಿಯಾಗಿ ಕೂರುತ್ತದೆ. ಹಲಗೆಯ ತುಂಡು ಕೂರುವುದಿಲ್ಲ. ಕೂರಿಸಲೇಬೇಕು ಅಂದರೆ ಹಲಗೆಯನ್ನು ತೀರಾ ಚಿಕ್ಕದಾಗಿ ಕತ್ತರಿಸಬೇಕು, ಇಲ್ಲ ಹೆಂಚನ್ನು ಮೇಲಕ್ಕೆ ಎತ್ತಬೇಕು. ಬಾಗಿದ ವಾಚು ಮಾಡುತ್ತಿದ್ದ ಬೇರೆಯವರು ಇದನ್ನೇ ಮಾಡುತ್ತಿದ್ದರು. ದೊಡ್ಡ ಬಾಗಿದ ಕೇಸಿನೊಳಗೆ ಪುಟ್ಟ ಚಪ್ಪಟೆ ಮೆಷಿನ್. ಹೊರಗೆ ಗಂಡಸರ ವಾಚು, ಒಳಗೆ ಹೆಂಗಸರ ವಾಚಿನಷ್ಟು ಚಿಕ್ಕ ಮೆಷಿನ್. ಚಿಕ್ಕ ಮೆಷಿನ್ ಅಂದರೆ ಚಿಕ್ಕ ಬ್ಯಾಲೆನ್ಸ್ ವೀಲ್ (ಅತ್ತಿತ್ತ ತೂಗಿ ಟೈಮ್ ಹಿಡಿಯುವ ಚಕ್ರ), ಚಿಕ್ಕ ಸ್ಪ್ರಿಂಗ್. ಟೈಮ್ ನಿಖರವಾಗಿ ಇಟ್ಟುಕೊಳ್ಳುವುದು ಅದಕ್ಕೆ ಕಷ್ಟ. ಇಲ್ಲವಾದರೆ ವಾಚು ದಪ್ಪವಾಗಿ, ಕೈ ಮೇಲೆ ಎದ್ದು ನಿಲ್ಲುತ್ತಿತ್ತು.

ಗ್ರೂಯೆನ್ ಮೆಷಿನ್ನನ್ನೇ ಬಾಗಿಸಿತು. ಚಕ್ರಗಳನ್ನು ಬಾಗಿಸಲು ಆಗುವುದಿಲ್ಲ, ಅವು ಚಪ್ಪಟೆಯಾಗೇ ಇರಬೇಕು. ಬಾಗಿದ್ದು ಅವುಗಳನ್ನು ಹಿಡಿದಿರುವ ಲೋಹದ ತಗಡು. ನಡುವಿನಿಂದ ಎರಡೂ ತುದಿಗೆ ತಗಡು ಇಳಿಜಾರಾಗಿ ಹೋಗುತ್ತದೆ. ಆ ಇಳಿಜಾರಿನ ಮೇಲೆ ಚಕ್ರಗಳು ಓರೆಯಾಗಿ ಕೂರುತ್ತವೆ. ಓರೆ ಇದ್ದರೂ ಒಂದರ ಹಲ್ಲು ಇನ್ನೊಂದಕ್ಕೆ ಸರಿಯಾಗಿ ಸಿಗಬೇಕು. ಎಷ್ಟು ಲೆಕ್ಕ ಹಾಕಿರಬೇಕು ಯೋಚಿಸಿ. ಇದರಿಂದ ಮೆಷಿನ್ ಕೇಸಿನ ತುದಿಯಿಂದ ತುದಿಗೆ ತುಂಬಿಕೊಳ್ಳುತ್ತದೆ. ದೊಡ್ಡ ಬ್ಯಾಲೆನ್ಸ್ ವೀಲ್‌ಗೆ ಜಾಗ ಸಿಗುತ್ತದೆ. ವಾಚು ತೆಳುವಾಗೂ ಇರುತ್ತದೆ.

ನನಗೆ ಈ ವಾಚು ಇಷ್ಟ ಆಗುವುದು ಇದಕ್ಕೇ. ಆರ್ಟ್ ಡೆಕೊ ಹೆಸರಿನಲ್ಲಿ ಎಷ್ಟೋ ವಸ್ತುಗಳ ಮೇಲೆ ಅಂದದ ಗೆರೆ ಎಳೆದು ಬಿಟ್ಟಿದ್ದಾರೆ. ಹೊರಗೆ ವೇಗದ ರೂಪ, ಒಳಗೆ ಹಳೇ ಪೆಟ್ಟಿಗೆ. ಕರ್ವೆಕ್ಸ್‌ನಲ್ಲಿ ಹೊರಗಿನ ಗೆರೆ ಒಳಗಿನವರೆಗೂ ಇಳಿದಿದೆ. ಮುಚ್ಚಳ ಮುಚ್ಚಿದರೆ ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಕೆಲಸ ಮಾಡಿದ್ದಾರೆ.

ಮೆಷಿನ್ ಮೇಲೆ 440 ಅಂತ ಒತ್ತಿದ್ದರು. ಕಾಲ ಹೇಳುವ ನಿಜವಾದ ಸಾಕ್ಷಿ ಇದು. ಗಂಡಸರ ಕರ್ವೆಕ್ಸ್‌ಗೆ ಗ್ರೂಯೆನ್ ಮೊದಲು ಹಾಕಿದ್ದು 311 ನಂಬರಿನ ಮೆಷಿನ್, 1935ರಲ್ಲಿ. ಆಮೇಲೆ 330 ಬಂತು. 440 ಬಂದದ್ದು 1940ರಲ್ಲಿ. ಅಂದರೆ ಈ ವಾಚು 1940ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮುಚ್ಚಳದ ಒಳಮೈಯಲ್ಲೂ 440 ಅಂತಲೇ ಇತ್ತು. ಕೇಸು ಒಂದು ಕಡೆಯದು, ಮೆಷಿನ್ ಇನ್ನೊಂದು ಕಡೆಯದು ಅಲ್ಲ, ಎರಡೂ ಮೊದಲಿನಿಂದ ಜೊತೆಗಿದ್ದವು ಅನ್ನುವುದಕ್ಕೆ ಇದು ಒಳ್ಳೆ ಗುರುತು. ಗ್ರೂಯೆನ್ ವಾಚು ಕೊಳ್ಳುವಾಗ ಈ ಎರಡು ನಂಬರನ್ನು ತಾಳೆ ನೋಡದೆ ದುಡ್ಡು ಕೊಡಬೇಡಿ.

ಕಾಲದ ಇನ್ನೊಂದು ತುದಿ, ಅಂದರೆ ಯಾವ ವರ್ಷದ ಆಚೆಯದಲ್ಲ ಅನ್ನುವುದು, ಮುಚ್ಚಳದ ಹೊರಮೈಯಲ್ಲೇ ಸಿಕ್ಕಿತು. ಮೂರು ಅಕ್ಷರದ ಇನಿಷಿಯಲ್, ಅದರ ಕೆಳಗೆ 12-25-41. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅಂದರೆ 1941ರ ಡಿಸೆಂಬರ್ 25, ಕ್ರಿಸ್‌ಮಸ್. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದು 18 ದಿನ ಆಗಿತ್ತು. ಇಡೀ ದೇಶ ಯುದ್ಧಕ್ಕೆ ಇಳಿದಿತ್ತು. ಆ ಹಬ್ಬಕ್ಕೆ ಯಾರೋ ಯಾರಿಗೋ ಈ ವಾಚು ಕೊಟ್ಟರು. ಅಕ್ಕ ಆ ತಾರೀಕನ್ನು ಬೆರಳಲ್ಲಿ ಸವರಿ ಸ್ವಲ್ಪ ಹೊತ್ತು ಸುಮ್ಮನಾದಳು. ಇಂಥ ಬರಹ ಇದ್ದರೆ ವಾಚಿನ ಬೆಲೆ ಕಡಿಮೆ ಆಗುತ್ತದೆ ಅಂತ ಮಾರುವವರು ಉಜ್ಜಿ ತೆಗೆಸುವುದುಂಟು. ನನಗೆ ಅದು ತಪ್ಪು ಅನ್ನಿಸುತ್ತದೆ. 1940ರಿಂದ 1941ರ ಕೊನೆಯೊಳಗೆ ತಯಾರಾದ ವಾಚು ಅಂತ ಇಷ್ಟು ಖಚಿತವಾಗಿ ಹೇಳಲು ಆದದ್ದು ಆ ಬರಹದಿಂದಲೇ.

ಅಮೆರಿಕದಲ್ಲೇ ತಯಾರಾದದ್ದು ಅನ್ನುವ ಎರಡನೇ ಮಾತಿಗೆ ಹೌದು, ಅಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಬ್ಯಾಲೆನ್ಸ್ ವೀಲನ್ನು ಹಿಡಿದಿರುವ ಪಟ್ಟಿಯ ಮೇಲೆ ಸಣ್ಣದಾಗಿ ಮೂರು ಅಕ್ಷರ ಇತ್ತು. ಜಿ-ಎಕ್ಸ್-ಸಿ. ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ಬರುವ ಮೆಷಿನ್‌ಗಳ ಮೇಲೆ 1936ರಿಂದ ಆಮದುದಾರನ ಗುರುತು ಹೀಗೆ ಒತ್ತುತ್ತಿದ್ದರು. ಜಿ-ಎಕ್ಸ್-ಸಿ ಅಂದರೆ ಗ್ರೂಯೆನ್. ಅಂದರೆ ಮೆಷಿನ್ ಸ್ವಿಸ್. ಬೀಲ್ ಊರಿನಲ್ಲಿದ್ದ ಗ್ರೂಯೆನ್‌ನ ಸ್ವಂತ ಕಾರ್ಖಾನೆಯಲ್ಲಿ ಹುಟ್ಟಿದ್ದು.

ಕಂಪನಿ ಮಾತ್ರ ಸಿನ್ಸಿನಾಟಿಯದೇ. ಊರಿನ ಎತ್ತರದ ಭಾಗದಲ್ಲಿ ಅವರು ಟೈಮ್ ಹಿಲ್ ಅನ್ನುವ ಕಟ್ಟಡ ಕಟ್ಟಿಸಿದ್ದು 1917ರಲ್ಲಿ. ಯುರೋಪಿನ ಹಳೇ ಕುಶಲಕರ್ಮಿಗಳ ಸಂಘದ ಮನೆಯಂತಿದೆ ಅದು. ಕಡಿದಾದ ಮಾಡು, ಮರದ ತೊಲೆ. ಇಂದಿಗೂ ನಿಂತಿದೆ. ಸ್ವಿಸ್ ಮೆಷಿನ್‌ಗಳನ್ನು ಅಲ್ಲಿ ತಂದು ಪರೀಕ್ಷಿಸಿ, ಅಮೆರಿಕದ ಕೇಸಿನಲ್ಲಿ ಕೂರಿಸಿ, ಟೈಮ್ ಹೊಂದಿಸುತ್ತಿದ್ದರು. ಗ್ರೂಯೆನ್‌ಗೆ ಕೇಸು ಮಾಡಿಕೊಡುತ್ತಿದ್ದ ವ್ಯಾಡ್ಸ್‌ವರ್ತ್ ಕಂಪನಿ ನದಿಯಾಚೆ ಕೆಂಟಕಿಯ ಡೇಟನ್‌ನಲ್ಲಿತ್ತು. ಭಾವ ವಾಚು ಕೊಂಡ ಮನೆಯಿಂದ ಅದು ಬಹಳ ದೂರವೇನಲ್ಲ.

ಮೆಷಿನ್ ಮೇಲೆ 17 ಜ್ಯುವೆಲ್ ಅಂತಲೂ ಇತ್ತು. ಚಕ್ರಗಳ ಕಡ್ಡಿ ತಿರುಗುವ ಜಾಗದಲ್ಲಿ ಸವೆತ ಆಗದಿರಲಿ ಅಂತ ಕೂರಿಸುವ ಕೆಂಪು ಕಲ್ಲುಗಳ ಲೆಕ್ಕ ಅದು. ಆ ಕಾಲದ ಸ್ವಿಸ್ ಮೆಷಿನ್ ಇರುವ ಒಳ್ಳೆ ಅಮೆರಿಕನ್ ವಾಚುಗಳಲ್ಲಿ ಈ 17 ಮತ್ತೆ ಮತ್ತೆ ಸಿಗುತ್ತದೆ. 1930ರ ಸುಂಕದ ಕಾನೂನಿನಲ್ಲಿ ಅದರ ಕಾರಣ ಇದೆ. 17ಕ್ಕಿಂತ ಹೆಚ್ಚು ಕಲ್ಲಿರುವ ಮೆಷಿನ್ ಆಮದು ಮಾಡಿದರೆ ಒಂದೊಂದಕ್ಕೂ 10.75 ಡಾಲರ್ ಸುಂಕ. ಆಗಿನ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. ಹಾಗಾಗಿ ಹೆಚ್ಚಿನವರು 17ಕ್ಕೆ ನಿಲ್ಲಿಸಿದರು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಮೆಷಿನ್ನನ್ನೂ ತಾನೇ ಮಾಡುತ್ತಿದ್ದ ಹ್ಯಾಮಿಲ್ಟನ್‌ಗೆ ಆ ಸುಂಕ ಇಲ್ಲ. ಅದು ತನ್ನ ಮೇಲ್ದರ್ಜೆಯ 982 ಮೆಷಿನ್‌ಗೆ 19 ಕಲ್ಲು ಹಾಕಿತು.

ಅಮೆರಿಕನ್ ಡೆಕೊ ವಾಚು ಅಂದಾಗ ಈ ಎರಡು ಬಗೆಯನ್ನೂ ನೆನಪಿಡಬೇಕು. ಹ್ಯಾಮಿಲ್ಟನ್, ಇಲಿನಾಯ್ ರಾಜ್ಯದ ಎಲ್ಜಿನ್, ಮ್ಯಾಸಚೂಸೆಟ್ಸ್‌ನ ವಾಲ್ತಮ್ ಇವರು ಮೆಷಿನ್ನನ್ನು ತಮ್ಮ ನೆಲದಲ್ಲೇ ಮಾಡುತ್ತಿದ್ದರು. ಗ್ರೂಯೆನ್ ಮತ್ತು ನ್ಯೂಯಾರ್ಕಿನ ಬುಲೋವಾ ಸ್ವಿಸ್ ಮೆಷಿನ್ನುಗಳನ್ನು ತರಿಸುತ್ತಿದ್ದರು. “ಹಾಗಾದರೆ ಇದು ಅಮೆರಿಕದ್ದು ಅಲ್ಲ ಅಂತೀಯಾ?” ಭಾವ ಸ್ವಲ್ಪ ಬೇಸರದಿಂದಲೇ ಕೇಳಿದರು. ನಾನು ಹಾಗೆ ಹೇಳುವುದಿಲ್ಲ. ಯೋಚನೆ, ರೂಪ, ಮಾರುಕಟ್ಟೆ, ಕಟ್ಟಿದ ಕೈ ಎಲ್ಲ ಸಿನ್ಸಿನಾಟಿಯದು. ಸ್ವಿಸ್ ಮೆಷಿನ್, ಅಮೆರಿಕನ್ ವಾಚು ಅಂತ ಬರೆದಿದ್ದರೆ ಚೀಟಿ ಸರಿಯಾಗಿರುತ್ತಿತ್ತು.

ಚಿನ್ನದ ವಿಷಯ ಬೇಗ ಮುಗಿಯಿತು. ಮುಚ್ಚಳದೊಳಗೆ ಸ್ಪಷ್ಟವಾಗಿ ಒತ್ತಿದ್ದರು. ಮೇಲಿನ ಚೌಕಟ್ಟು 10 ಕ್ಯಾರೆಟ್ ಗೋಲ್ಡ್ ಫಿಲ್ಡ್. ಹಿಂದಿನ ಮುಚ್ಚಳ ಗಿಲ್ಡೈಟ್. ನಾನು ಓದಿ ಹೇಳಿದ್ದು ಅಕ್ಕನಿಗೆ ಗಿಲೀಟು ಅಂತ ಕೇಳಿಸಿತು. “ಅಯ್ಯೋ, ಗಿಲೀಟಿಗೆ ಇಷ್ಟು ಕೊಟ್ರಾ?” ಅಂದಳು.

ಎರಡೂ ಬೇರೆ. ಗಿಲ್ಡೈಟ್ ಅನ್ನುವುದು ಗ್ರೂಯೆನ್ ತನ್ನ ತುಕ್ಕು ಹಿಡಿಯದ ಲೋಹಕ್ಕೆ ಇಟ್ಟ ಹೆಸರು. ಕುಶಲಕರ್ಮಿಗಳ ಸಂಘಕ್ಕೆ ಗಿಲ್ಡ್ ಅನ್ನುತ್ತಾರಲ್ಲ, ಅದರಿಂದ ಬಂದದ್ದು. ಬೆವರಿಗೆ ಸಿಗುವ ಹಿಂಭಾಗಕ್ಕೆ ಅದನ್ನು ಹಾಕುತ್ತಿದ್ದರು. ಕೆತ್ತಿದ ತಾರೀಕು ಇಷ್ಟು ವರ್ಷದ ಮೇಲೂ ಅಳಿಸದೆ ಉಳಿದದ್ದು ಅದರಿಂದಲೇ.

ಗೋಲ್ಡ್ ಫಿಲ್ಡ್ ಕೂಡ ಗಿಲೀಟಲ್ಲ. ಗಿಲೀಟು ಅಂದರೆ ಚಿನ್ನದ ನೀರು ಕುಡಿಸಿದ್ದು, ಕೆಲವೇ ವರ್ಷದಲ್ಲಿ ಮಾಸುತ್ತದೆ. ಗೋಲ್ಡ್ ಫಿಲ್ಡ್‌ನಲ್ಲಿ ಹಿತ್ತಾಳೆಯಂಥ ಲೋಹದ ಮೇಲೆ ನಿಜವಾದ ಚಿನ್ನದ ತಗಡನ್ನು ಶಾಖ ಮತ್ತು ಒತ್ತಡದಿಂದ ಅಂಟಿಸಿರುತ್ತಾರೆ. 10 ಕ್ಯಾರೆಟ್ ಅಂದರೆ ಆ ತಗಡಿನಲ್ಲಿ 24ರಲ್ಲಿ 10 ಭಾಗ ಚಿನ್ನ, ಅಂದರೆ ನೂರಕ್ಕೆ ಸುಮಾರು 41.7. ನಮ್ಮ ಕಡೆ 916ರ ಒಡವೆ ನೋಡಿ ಬೆಳೆದವರಿಗೆ ಇದು ಚಿನ್ನ ಅಂತಲೇ ಅನ್ನಿಸದಿರಬಹುದು. ಆದರೆ ದಿನಾ ಕಟ್ಟುವ ವಾಚಿಗೆ ಅದೇ ಗಟ್ಟಿ. ಬೆಲ್ಟು ಸಿಕ್ಕಿಸುವ ಕಿವಿಗಳ ತುದಿಯನ್ನು ಲೆನ್ಸ್ ಇಟ್ಟು ನೋಡಿದರೆ ಎರಡು ಕಡೆ ಚಿನ್ನ ಸವೆದು ಒಳಗಿನ ಲೋಹ ಇಣುಕುತ್ತಿತ್ತು. ಅಪ್ಪಟ ಚಿನ್ನದಲ್ಲಿ ಹೀಗೆ ಇನ್ನೊಂದು ಬಣ್ಣ ಕಾಣಲು ಸಾಧ್ಯವಿಲ್ಲ. ಒಳಗೆ ಮುದ್ರೆ ಇರದ ವಾಚಿನಲ್ಲಿ ಕಿವಿಯ ತುದಿಯೇ ಮೊದಲು ನೋಡುವ ಜಾಗ.

ಎಲ್ಲ ಭಾಗವೂ ಒರಿಜಿನಲ್ ಅನ್ನುವ ನಾಲ್ಕನೇ ಮಾತಿಗೆ ಅರ್ಧ ಗಂಟೆ ಬೇಕಾಯಿತು.

ಡಯಲ್ ನೋಡಿದ ತಕ್ಷಣ ನನಗೆ ಅನುಮಾನ ಬಂದಿತ್ತು. 80 ವರ್ಷ ದಾಟಿದ ವಾಚಿಗೆ ಅಷ್ಟು ಬಿಳಿ ಮುಖ ಇರುವುದಿಲ್ಲ. ಲೆನ್ಸ್ ಇಟ್ಟು ನೋಡಿದೆ. ಹಳೇ ಡಯಲ್‌ನ ಅಕ್ಷರ ಕೂದಲೆಳೆಯಷ್ಟು ತೆಳು, ಅಂಚು ಚೂಪು. ಇಲ್ಲಿ ಗ್ರೂಯೆನ್ ಹೆಸರಿನ ಅಕ್ಷರಗಳು ದಪ್ಪ, ಒಂದಕ್ಕೊಂದು ಅಂತರ ಸಮ ಇಲ್ಲ. ಸೆಕೆಂಡಿನ ಚೌಕದ ಗೆರೆಗಳು ನಡುವಿನ ತೂತಿಗೆ ಸರಿಯಾಗಿ ಕೂತಿಲ್ಲ, ಒಂದು ಬದಿಗೆ ಜಾರಿವೆ. ಅಂಕಿಗಳು ಲೋಹದವು, ಡಯಲ್ ಮೇಲೆ ಕೂರಿಸಿದ್ದು. ಅವುಗಳ ಬುಡದಲ್ಲಿ ಬಣ್ಣ ಹತ್ತಿಕೊಂಡಿತ್ತು, ಗೋಡೆಗೆ ಸುಣ್ಣ ಬಳಿದಾಗ ಸ್ವಿಚ್ ಬೋರ್ಡಿನ ಅಂಚಿಗೆ ಹತ್ತುತ್ತದಲ್ಲ, ಹಾಗೆ. ಡಯಲ್ ಬಿಚ್ಚಿದಾಗ ಅನುಮಾನ ಹೋಯಿತು. 3ರ ಪಕ್ಕದ ಅಂಚಿನಲ್ಲಿ ಅರದಿಂದ ಉಜ್ಜಿದ ಸಣ್ಣ ಕಚ್ಚು, ಬೆನ್ನಿನ ಮೇಲೆ ಮೊನೆಯಿಂದ ಗೀಚಿದ ನಂಬರು. ಡಯಲ್‌ಗೆ ಮತ್ತೆ ಬಣ್ಣ ಹಾಕುವವರು ದಿಕ್ಕು ತಪ್ಪದಿರಲಿ, ಗಿರಾಕಿ ತಪ್ಪದಿರಲಿ ಅಂತ ಮಾಡಿಕೊಳ್ಳುತ್ತಿದ್ದ ಗುರುತುಗಳಿವು. ಡಯಲ್‌ನ ತಗಡು, ಅಂಕಿ ಹಳೆಯವು. ಮೇಲಿನ ಬಣ್ಣ, ಅಕ್ಷರ ಆಮೇಲಿನವು.

ನಮ್ಮ ದೇಶದಲ್ಲೂ, ಹೆಚ್ಚಾಗಿ ಮುಂಬೈ ಕಡೆ, ಹಳೇ ಸ್ವಿಸ್ ವಾಚು ಮತ್ತು ಎಚ್‌ಎಂಟಿ ವಾಚುಗಳ ಡಯಲ್‌ಗೆ ಕಣ್ಣು ಕುಕ್ಕುವ ಬಣ್ಣ ಬಳಿದು ಮಾರುವುದನ್ನು ನೀವು ನೋಡಿರಬಹುದು. ಅದಕ್ಕೆ ಹೋಲಿಸಿದರೆ ಇದು ಬೇರೆ. ಆಗಿನ ಕಾಲದಲ್ಲಿ ಡಯಲ್ ಮಾಸಿದರೆ ಹೊಸ ಬಣ್ಣ ಹಾಕಿಸುವುದು ಅಂಗಿಗೆ ಇಸ್ತ್ರಿ ಹಾಕಿಸಿದಷ್ಟೇ ಸಹಜವಾಗಿತ್ತು. ಬಣ್ಣ ಹಾಕಿಸಿದ್ದು ತಪ್ಪಲ್ಲ. ಹಾಕಿಸಿದ್ದನ್ನು ಒರಿಜಿನಲ್ ಅಂತ ಬರೆಯುವುದು ತಪ್ಪು.

ಆಮೇಲೆ ಮುಳ್ಳುಗಳು. ಕರ್ವೆಕ್ಸ್‌ನ ಡಯಲ್ ಬಾಗಿರುವುದರಿಂದ ಮುಳ್ಳು ಕೂಡ ಆ ಬಾಗಿಗೆ ಹೊಂದುವಂತೆ ತುದಿ ಸ್ವಲ್ಪ ಕೆಳಗೆ ಇಳಿದಿರುತ್ತದೆ. ಇದರ ಗಂಟೆ ಮುಳ್ಳು ಹಾಗೇ ಇತ್ತು. ನಿಮಿಷದ ಮುಳ್ಳು ಮಾತ್ರ ಕಡ್ಡಿಯ ಹಾಗೆ ನೆಟ್ಟಗೆ. ಹಿಂದೆ ರಿಪೇರಿ ಮಾಡಿದ ಯಾರೋ ಬೇರೆ ವಾಚಿನ ಮುಳ್ಳು ಹಾಕಿದ್ದರು. ಗಾಜನ್ನು ತೆಗೆದು ಬೆಳಕಿಗೆ ಹಿಡಿದೆ. ಒಳಮೈಯಲ್ಲಿ 12ರ ಕಡೆಗೊಂದು, 6ರ ಕಡೆಗೊಂದು ಸಣ್ಣ ಬಾಗಿದ ಗೀರು.

ಐದನೇ ಮಾತಿಗೂ ಅಲ್ಲೇ ಉತ್ತರ ಸಿಕ್ಕಿತು. ಕೀ ಕೊಟ್ಟರೆ ವಾಚು ಓಡುತ್ತಿತ್ತು. ಆದರೆ ಅರ್ಧ ಗಂಟೆಗೋ ಒಂದು ಗಂಟೆಗೋ ನಿಂತುಬಿಡುತ್ತಿತ್ತು ಅಂತ ಭಾವ ಮೊದಲೇ ಹೇಳಿದ್ದರು. ಗಾಜು 12 ಮತ್ತು 6ರ ಕಡೆ ಕೆಳಗೆ ಬಾಗಿದೆ. ನೆಟ್ಟಗಿನ ಮುಳ್ಳು ಆ ಜಾಗಕ್ಕೆ ಬಂದಾಗ ತುದಿ ಗಾಜಿಗೆ ತಾಗುತ್ತಿತ್ತು. 3 ಮತ್ತು 9ರ ಕಡೆ ಬಾಗು ಇಲ್ಲ, ಅಲ್ಲಿ ತೊಂದರೆ ಇಲ್ಲ. ಮಾರುವವರು ಐದು ನಿಮಿಷ ಓಡಿಸಿ ನೋಡಿ ಚೀಟಿ ಬರೆದಿರಬೇಕು. ಹಳೇ ವಾಚು ಕೊಳ್ಳುವಾಗ ಕೀ ಎಳೆದು ಮುಳ್ಳುಗಳನ್ನು ಒಂದು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ, ಪಕ್ಕದಿಂದ ನೋಡುತ್ತಿರಿ. ಇಂಥ ತೊಂದರೆ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಮೆಷಿನ್ ಒಳಗೆ ಎಣ್ಣೆ ಒಣಗಿ ಕಂದು ಅಂಟಾಗಿತ್ತು. ಹಾಗೇ ಓಡಿಸಿದರೆ ಕಡ್ಡಿಗಳು ಸವೆಯುತ್ತವೆ. ಕರ್ವೆಕ್ಸ್‌ಗೆ ಹೊಸ ಬಿಡಿಭಾಗ ಯಾರೂ ಮಾಡುವುದಿಲ್ಲ. ಅದನ್ನು ತೊಳೆದು ಎಣ್ಣೆ ಹಾಕುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಓರೆಯಾಗಿ ಕೂತ ಚಕ್ರಗಳನ್ನು ಮತ್ತೆ ಜೋಡಿಸಲು ಪಳಗಿದ ಕೈ ಬೇಕು. ಊರಿನಲ್ಲಿ ಈ ಮೆಷಿನ್ ಗೊತ್ತಿರುವ ಹಿರಿಯ ರಿಪೇರಿಯವರೊಬ್ಬರಿದ್ದಾರೆ. ಅವರಿಗೆ ಕೊಟ್ಟೆವು. ಅವರ ಹತ್ತಿರ ಕೆಟ್ಟು ಹೋದ ಇನ್ನೊಂದು 440 ಇತ್ತು. ಬಾಗಿದ ನಿಮಿಷದ ಮುಳ್ಳು ಅದರಿಂದ ಸಿಕ್ಕಿತು.

ಬೆಲೆಯ ಬಗ್ಗೆ ಭಾವ ಕೇಳಿದರು. ಚಿನ್ನ ಅಂತ ನೋಡಿದರೆ 260 ಡಾಲರ್ ಜಾಸ್ತಿ. ಬಣ್ಣ ಬಳಿದ ಡಯಲ್, ರಿಪೇರಿ ಖರ್ಚು ಸೇರಿಸಿದರೂ ಸ್ವಲ್ಪ ಜಾಸ್ತಿಯೇ. ಆದರೆ ಕೇಸು, ಮೆಷಿನ್ ಎರಡೂ ಜೊತೆಯವು, ತಾರೀಕು ಇದೆ, ಅಂಚುಗಳು ಉಳಿದಿವೆ. ನಾನಾದರೂ ಬಿಟ್ಟು ಬರುತ್ತಿರಲಿಲ್ಲ ಅಂತ ಹೇಳಿದೆ.

ಕೇಸಿಗೆ ಪಾಲಿಶ್ ಮಾಡಿಸೋಣ ಅಂತ ಅಕ್ಕ ಹೇಳಿದಾಗ ಮಾತ್ರ ನಾನು ಹಟ ಹಿಡಿದೆ. ಯಂತ್ರದ ಬ್ರಷ್ಷಿಗೆ ಕೊಟ್ಟರೆ ಬದಿಯ ಗೆರೆಗಳು ಕರಗಿ ಹೋಗುತ್ತವೆ. ಉಳಿದಿರುವ ಚಿನ್ನವೂ ಹೋಗುತ್ತದೆ. ಡೆಕೊ ವಾಚಿನಲ್ಲಿ ಆ ಚೂಪು ಗೆರೆಯೇ ಹೋದ ಮೇಲೆ ಉಳಿಯುವುದೇನು? ಮೆತ್ತನೆ ಬಟ್ಟೆಯಲ್ಲಿ ಒರೆಸಿ ಅಷ್ಟಕ್ಕೆ ಬಿಟ್ಟೆವು. ಡಯಲ್ ಕೂಡ ಹಾಗೇ ಬಿಟ್ಟೆವು. ಇನ್ನೊಂದು ಸಲ ಬಣ್ಣ ಬಳಿದರೆ ಹಳೆಯದೇನೂ ವಾಪಸ್ ಬರುವುದಿಲ್ಲ.

ಕತ್ತಲಲ್ಲಿ ಹೊಳೆಯುವ ಬಣ್ಣ ಈ ವಾಚಿನಲ್ಲಿ ಇರಲಿಲ್ಲ. ನಿಮ್ಮದರಲ್ಲಿ ಇದ್ದರೆ ಹುಷಾರು. ಆ ಕಾಲದಲ್ಲಿ ಅದಕ್ಕೆ ರೇಡಿಯಂ ಅನ್ನುವ, ವಿಕಿರಣ ಸೂಸುವ ಲೋಹ ಹಾಕುತ್ತಿದ್ದರು. ನ್ಯೂಜೆರ್ಸಿಯ ಆರೆಂಜ್, ಇಲಿನಾಯ್‌ನ ಒಟ್ಟಾವಾ ಊರುಗಳಲ್ಲಿ ಅದನ್ನು ಬಳಿಯುತ್ತಿದ್ದ ಹುಡುಗಿಯರಲ್ಲಿ ಅನೇಕರು ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ ಕಾಯಿಲೆ ಬಿದ್ದು ಸತ್ತರು. ಹೊಳಪು ಹೋಗಿದ್ದರೂ ರೇಡಿಯಂ ಅಲ್ಲೇ ಇರುತ್ತದೆ. ಅರ್ಧ ಕರಗಲು 1,600 ವರ್ಷ ಬೇಕು. ಅಂಥ ಡಯಲ್ ಬಿಚ್ಚಬೇಡಿ, ಕೆರೆಯಬೇಡಿ.

ವಾಚು ವಾಪಸ್ ಬಂದ ಭಾನುವಾರ ಮೂವರೂ ಯೂನಿಯನ್ ಟರ್ಮಿನಲ್‌ಗೆ ಹೋದೆವು. ಸಿನ್ಸಿನಾಟಿಯ ರೈಲು ನಿಲ್ದಾಣ, 1933ರಲ್ಲಿ ತೆರೆದದ್ದು. ಈಗ ಅದರಲ್ಲಿ ಮ್ಯೂಸಿಯಂ ಇದೆ. ಅಮೆರಿಕದ ಆರ್ಟ್ ಡೆಕೊ ಕಟ್ಟಡಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಒಳಗೆ ಹೋದರೆ ತಲೆ ಮೇಲೆ ದೊಡ್ಡ ಅರ್ಧ ಗುಮ್ಮಟ, ಹಳದಿ ಕಿತ್ತಳೆ ಬಣ್ಣದ ಪಟ್ಟೆಗಳು ಕಾಮನಬಿಲ್ಲಿನ ಹಾಗೆ ಇಳಿದು ಬರುತ್ತವೆ. ಗೋಡೆಯ ಮೇಲೆ ವಿನೋಲ್ಡ್ ರೈಸ್ ಮಾಡಿದ ಮೊಸಾಯಿಕ್ ಚಿತ್ರಗಳು. ಭಾವ ಕೈ ಮೇಲೆತ್ತಿ ವಾಚನ್ನು ಪಕ್ಕದಿಂದ ನೋಡಿದರು, ಆಮೇಲೆ ಗುಮ್ಮಟ ನೋಡಿದರು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಹಳೇ ಚೀಟಿಯ ಹಿಂಬದಿಯಲ್ಲಿ ಅಕ್ಕ ಹೊಸದಾಗಿ ಬರೆದು ಡಬ್ಬಿಯಲ್ಲಿ ಇಟ್ಟಿದ್ದಾಳೆ. ಗ್ರೂಯೆನ್ ಕರ್ವೆಕ್ಸ್ 440, 17 ಕಲ್ಲು. 1940-41. ಸ್ವಿಸ್ ಮೆಷಿನ್, ಸಿನ್ಸಿನಾಟಿಯ ವಾಚು. 10 ಕ್ಯಾರೆಟ್ ಗೋಲ್ಡ್ ಫಿಲ್ಡ್, ಹಿಂದೆ ಗಿಲ್ಡೈಟ್. ಡಯಲ್‌ಗೆ ಮತ್ತೆ ಬಣ್ಣ ಹಾಕಿದೆ. ನಿಮಿಷದ ಮುಳ್ಳು ಇನ್ನೊಂದು 440ರದ್ದು. ನೀರು ತಾಗಿಸಬಾರದು, ಬೀಳಿಸಬಾರದು.

ಹೊರಗೆ ಬಂದಾಗ ಭಾವ ನಿಲ್ದಾಣದ ಮುಂಭಾಗದ ದೊಡ್ಡ ಗಡಿಯಾರ ನೋಡಿ ನಿಂತರು. ಕೀ ಎಳೆದು ಮುಳ್ಳು ಸರಿ ಮಾಡಿಕೊಂಡರು. ಬೆಳಗ್ಗೆಯಿಂದ ಅರ್ಧ ನಿಮಿಷ ಹಿಂದೆ ಬಿದ್ದಿತ್ತು.